ಈಜುಡುಗೆಯೂ ಈಜುಗಾರ್ತಿಯೂ

ಘಟ್ಟದ ಮೇಲಿನ ಊರುಗಳಲ್ಲಿ ನಾವು ಹೊನ್ನಾವರದವರೆಂದು ಹೇಳಿಕೊಂಡರೆ ಸಾಕು, ‘ಹಾಗಾದರೆ ನಿಮಗೆ ಈಜು ಚೆನ್ನಾಗಿ ಬರುವದಲ್ಲವೇ?’ ಎಂಬ ಪ್ರಶ್ನೆಯು ಕೂಡಲೆ ಬರುವದು. ಕಡಲ ದಂಡೆಯಲ್ಲಿ ಹುಟ್ಟಿದವರೆಲ್ಲರೂ ಮೀನುಗಳಂತೆ ಈಜಬಲ್ಲರೆಂಬದು ಬಯಲುಸೀಮೆಯವರ ಸರಳವಾದ ನಂಬಿಕೆ. ವಸ್ತುಸ್ಥಿತಿಯು ಬೇರೆಯೇ ಆಗಿದೆ. ಭಟ್ಕಳದ ಬಂದರದಿಂದ ಹಿಡಿದು ಕುಮಟಾದ ಅಘನಾಶಿನಿಯ ಅಳಿವೆಯವರೆಗಿನ ಈ ನಮ್ಮ ತೀರದಲ್ಲಿ ಗಂಡುಮಕ್ಕಳು ಹೊಳೆಯಲ್ಲಿಯೋ ಕೆರೆಯಲ್ಲಿಯೋ ಕೈಕಾಲು ಬಡಿದು ಹೇಗೋ ಈಜು ಕಲಿಯುತ್ತಾರೆ. ಹೆಣ್ಣುಮಕ್ಕಳು ದಂಡೆಯ ಮೇಲೆ ನಿಂತು ಅಣ್ಣತಮ್ಮಂದಿರ ಅಂಗಿಗಳನ್ನು ಕಾಯುತ್ತಾರೆ. ಇಳಿತದ ಹೊತ್ತಿನಲ್ಲಿ ಅಘನಾಶಿನಿಯ ನೀರಿಗೆ ಸೊಂಟದ ಮಟ ಇಳಿದು ಬಳಚು ಆರಿಸುವ ತಾಯಂದಿರನ್ನು ‘ನಿಮಗೆ ಈಜು ಬರುವದೇ?’ ಎಂದು ನಾವು ಒಮ್ಮೆ ಕೇಳಿದಾಗ ಅವರು ನಕ್ಕುಬಿಟ್ಟರು. ಅವರ ಜೀವನವೆಲ್ಲ ನೀರಿನಲ್ಲಿಯೇ ಕಳೆದಿದೆ. ಆದರೆ ಕಾಲಿಗೆ ನೆಲ ಸಿಕ್ಕುವಷ್ಟು ದೂರ ಮಾತ್ರ.

ನಾವಾದರೂ ಅವರಿಗಿಂತ ಬೇರೆಯಾಗಿರಲಿಲ್ಲ. ಕಾಸರಕೋಡಿನ ಕಡೆಯಿಂದ ಶರಾವತಿಯ ಸೇತುವೆಯನ್ನು ದಿನವೂ ಬಸ್ಸಿನಲ್ಲಿ ದಾಟಿ ಈ ಶಾಲೆಗೆ ಬರುತ್ತಿದ್ದ ನಮಗೆ ಕೆಳಗಿನ ಅಷ್ಟಗಲದ ನೀರು ಕೇವಲ ಕಣ್ಣಿಗೆ ಹಬ್ಬವಾಗಿತ್ತು. ಶಾಲೆಯಲ್ಲಿ ಲೇಜಿಮು, ಥ್ರೋಬಾಲು, ಕವಾಯತು ಎಲ್ಲವೂ ಇದ್ದವು. ಈಜು ಇರಲಿಲ್ಲ, ಇರಬೇಕೆಂದು ಯಾರ ಮನಸ್ಸಿಗೂ ಹೊಳೆದಿರಲೂ ಇಲ್ಲ. ಮುಂದೆ ಉದ್ಯೋಗವು ನಮ್ಮನ್ನು ಮಂಗಳೂರಿಗೆ ಕರೆದೊಯ್ದಿತು; ಅಲ್ಲಿ ನಮ್ಮ ನಲವತ್ತೊಂದನೆಯ ವಯಸ್ಸಿನಲ್ಲಿ, ವೈದ್ಯರು ಮೊಣಕಾಲಿನ ನೋವಿಗೆ ನೀರಿನ ವ್ಯಾಯಾಮವನ್ನು ಹೇಳಿದ್ದರಿಂದ, ನಾವು ಮೊಟ್ಟಮೊದಲು ಈಜುಕೊಳಕ್ಕೆ ಇಳಿದೆವು. ಸುದ್ದಿಯು ಹೊನ್ನಾವರವನ್ನು ಮುಟ್ಟಿದಾಗ ನಮ್ಮ ಆಯಿಯು ದೂರವಾಣಿಯಲ್ಲಿ, ‘ಇದೆಂಥದೇ ಮಾರಾಯ್ತಿ, ನಲವತ್ತರ ಮೇಲೆ ನೀರಾಟ! ಮತ್ತೆ ಮೈಮೇಲೆ ಎಂಥ ಹಾಕಿಕೊಳ್ಳುವದು?’ ಎಂದು ಕೇಳಿದರು. ಆಯಿಯು ಕೇಳಿದ ಆ ಎರಡನೆಯ ಪ್ರಶ್ನೆಯೇ ಈ ಲೇಖನದ ವಿಷಯವು.

ಈಜು ಬಂದ ಮೇಲೆ ತಿಳಿದ ಸಂಗತಿಯೇನೆಂದರೆ, ವಯಸ್ಕರಿಗಾಗಿಯೇ ಈಜಿನ ಸ್ಪರ್ಧೆಗಳಿವೆ. ಇವನ್ನು ಮಾಸ್ಟರ್ಸ್ ಎಂದು ಕರೆಯುವದು ವಾಡಿಕೆ. ಇಪ್ಪತ್ತೈದು ವರ್ಷ ತುಂಬಿದವರು ಇವುಗಳಲ್ಲಿ ಸೇರಬಹುದು. ಐದೈದು ವರ್ಷಗಳಿಗೆ ಒಂದೊಂದು ತಂಡ. ಹೀಗಾಗಿ ನಲವತ್ತೆರಡರವಳು ನಲವತ್ನಾಲ್ಕರವಳ ಸಂಗಡ ಈಜುವಳೇ ಹೊರತು ಇಪ್ಪತ್ತರ ಹುಡುಗಿಯ ಸಂಗಡವಲ್ಲ. ಜಗತ್ತಿನ ಮಟ್ಟದಲ್ಲಿ ಇಂಥ ಮೊದಲ ಕೂಟವು ೧೯೮೬ರಲ್ಲಿ ಟೋಕಿಯೋದಲ್ಲಿ ನಡೆಯಿತು. ನಮ್ಮ ದೇಶದಲ್ಲಿಯೂ ರಾಷ್ಟ್ರಮಟ್ಟದ ಕೂಟಗಳು ನಡೆಯುತ್ತಿದ್ದು, ೨೦೨೩ರ ನವೆಂಬರದಲ್ಲಿ ಮಂಗಳೂರಿನ ಎಮ್ಮೆಕೆರೆಯ ಹೊಸ ಕೊಳದಲ್ಲಿಯೇ ಅಂಥದೊಂದು ಜರುಗಿತು. ನಾವು ಪ್ರೇಕ್ಷಕರಾಗಿ ಹೋಗಿದ್ದೆವು. ನರೆತ ಕೂದಲನ್ನು ರಬ್ಬರು ಟೊಪ್ಪಿಗೆಯೊಳಗೆ ತುರುಕಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಯೋ ನೀರಿಗೆ ಕೈ ಮುಗಿದೋ ಧುಮುಕುವ ಅಜ್ಜ ಅಜ್ಜಿಯರನ್ನು ಕಂಡು ನಮ್ಮ ಕಣ್ಣು ತುಂಬಿ ಬಂತು. ಅಂಥವರ ನಡುವೆಯೇ ನಾವು ಆ ಉಡುಪನ್ನು ಮೊದಲ ಸಲ ಹತ್ತಿರದಿಂದ ಕಂಡೆವು.

ನೋಡಲು ಅದು ಒಂದು ಸಾಧಾರಣವಾದ ಕಪ್ಪು ವಸ್ತ್ರ. ಹೆಗಲಿನಿಂದ ಮೊಣಕಾಲಿನವರೆಗೆ ಇರುವದು. ಕೈಯಲ್ಲಿ ಹಿಡಿದರೆ ಆರು ವರ್ಷದ ಮಗುವಿನ ಅಂಗಿಯಷ್ಟು ಚಿಕ್ಕದು. ಇದರೊಳಗೆ ಪ್ರೌಢಳಾದ ಸ್ತ್ರೀಯೊಬ್ಬಳು ಸೇರಬೇಕಾದರೆ ಇಪ್ಪತ್ತು ನಿಮಿಷದ ಕಾಲವೂ ಇಬ್ಬರ ಸಹಾಯವೂ ಬೇಕಾಗುವದು. ಕಾಲು ಜಾರಿ ಒಳಗೆ ಹೋಗಲೆಂದು ಪಾದಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುವ ಉಪಾಯವನ್ನೂ ನಾವು ಕಂಡೆವು. ಒಬ್ಬಳು ಎಳೆಯುವವಳು, ಒಬ್ಬಳು ಹಿಡಿಯುವವಳು, ನಡುವೆ ಉಸಿರು ಕಟ್ಟಿ ನಿಂತ ಮೂರನೆಯವಳು: ಮದುವಣಗಿತ್ತಿಯ ಶೃಂಗಾರಕ್ಕೂ ಇಷ್ಟು ಆಯಾಸವಿಲ್ಲ. ಬೆಲೆಯನ್ನು ಕೇಳಿದಾಗ ಇನ್ನೂ ಆಶ್ಚರ್ಯವಾಯಿತು. ಉತ್ತಮ ಜಾತಿಯದಕ್ಕೆ ಹತ್ತಾರು ಸಾವಿರ ರೂಪಾಯಿಗಳು. ಅದೂ ಕೆಲವು ಕೂಟಗಳ ತರುವಾಯ ಬಿಗಿಯನ್ನು ಕಳೆದುಕೊಂಡು ಸಾಮಾನ್ಯ ವಸ್ತ್ರದಂತೆ ಆಗಿಬಿಡುವದು.

ಅದೇ ಕೋಣೆಯಲ್ಲಿ ಕುಮಟಾ ಕಡೆಯ ಹೆಣ್ಣುಮಗಳೊಬ್ಬಳು, ಮೂವತ್ತೈದರ ಸುಮಾರಿನವಳು, ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಈಜು ಕಲಿಯಬೇಕು, ಆದರೆ ಯಾರನ್ನು ಕೇಳಬೇಕೋ ತಿಳಿಯದೆ ಬಂದವಳು. ಮಾತು ನಮ್ಮ ಕಡೆಯದೆಂದು ಗುರುತಿಸಿ ನಾವು ಮಾತನಾಡಿಸಿದಾಗ ಮೆಲ್ಲಗೆ, ‘ಅಕ್ಕಾ, ಇದಿಲ್ಲದಿದ್ದರೆ ಸೇರಿಸಿಕೊಳ್ಳುವದಿಲ್ಲವೋ?’ ಎಂದು ಕೇಳಿದಳು. ಅವಳಿಗೆ ಉತ್ತರ ಕೊಡುವದು ಸುಲಭವಾಗಿತ್ತು. ಆದರೆ ಅವಳು ಕೇಳದೆಯೇ ಹಿಂದಿರುಗಿ ಹೋಗಿದ್ದರೆ? ಅಲ್ಲಿಂದ ಮುಂದೆ ಈ ಉಡುಪಿನ ವಿಷಯವನ್ನು ನಾವು ತುಸು ಆಸ್ಥೆಯಿಂದ ವಿಚಾರಿಸಲಾರಂಭಿಸಿದೆವು.

ಈಜುಡುಗೆಯ ಚರಿತ್ರೆಯು ಸ್ವಾರಸ್ಯವುಳ್ಳದ್ದು. ಹಿಂದೆ ಪಾಶ್ಚಾತ್ಯ ದೇಶಗಳಲ್ಲಿ ಸ್ತ್ರೀಯರು ಉಣ್ಣೆಯ ದಪ್ಪ ಉಡುಪಿನಲ್ಲಿ ನೀರಿಗೆ ಇಳಿಯುತ್ತಿದ್ದರು; ಒದ್ದೆಯಾದ ಉಣ್ಣೆಯ ಭಾರವನ್ನು ಕಂಬಳಿ ಒಗೆದವರೆಲ್ಲ ಬಲ್ಲರು. ಒಲಿಂಪಿಕ್ ಪಂದ್ಯಗಳಲ್ಲಿ ಸ್ತ್ರೀಯರಿಗೆ ಈಜುವ ಅವಕಾಶ ದೊರೆತುದೇ ೧೯೧೨ರಲ್ಲಿ, ಸ್ಟಾಕ್‌ಹೋಮ್ ನಗರದಲ್ಲಿ. ಆ ಮೇಲೆ ರೇಶಿಮೆಯು ಬಂದಿತು, ತರುವಾಯ ನೈಲಾನು ಬಂದಿತು. ನಮ್ಮ ದೇಶದ ಸ್ತ್ರೀಯರಲ್ಲಿ ಡಾಲಿ ನಜೀರ್ ಮತ್ತು ಆರತಿ ಸಾಹಾ ಎಂಬವರು ೧೯೫೨ರಲ್ಲಿ ಹೆಲ್ಸಿಂಕಿಗೆ ಹೋಗಿ ಒಲಿಂಪಿಕ್ ಕೊಳದಲ್ಲಿ ಈಜಿದರು. ಇವರಲ್ಲಿ ಆರತಿಯವರು ೧೯೫೯ರಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದ ಏಶಿಯಾ ಖಂಡದ ಮೊದಲ ಮಹಿಳೆಯಾದರು. ನಮ್ಮ ಕರ್ನಾಟಕದಿಂದ ನಿಶಾ ಮಿಲ್ಲೆಟ್‌ರು ೨೦೦೦ದಲ್ಲಿ ಸಿಡ್ನಿಗೂ, ಶಿಖಾ ಟಂಡನ್‌ರು ೨೦೦೪ರಲ್ಲಿ ಅಥೆನ್ಸಿಗೂ, ಹದಿನಾಲ್ಕರ ಬಾಲೆ ಧಿನಿಧಿ ದೇಸಿಂಘು ೨೦೨೪ರಲ್ಲಿ ಪ್ಯಾರಿಸಿಗೂ ಹೋಗಿಬಂದರು. ಈ ಹೆಸರುಗಳನ್ನು ನಮ್ಮ ಶಾಲೆಯ ಹುಡುಗಿಯರು ತಿಳಿದಿರಬೇಕೆಂದು ಇಲ್ಲಿ ಬರೆದೆವು.

ಉಡುಪಿನ ದೊಡ್ಡ ಕೋಲಾಹಲವು ನಡೆದುದು ೨೦೦೮ ಮತ್ತು ೨೦೦೯ರಲ್ಲಿ. ೨೦೦೮ರ ಫೆಬ್ರುವರಿಯಲ್ಲಿ ಸ್ಪೀಡೋ ಕಂಪನಿಯವರು ಎಲ್‌ಝಡ್‌ಆರ್ ರೇಸರ್ ಎಂಬ ಉಡುಪನ್ನು ಹೊರತಂದರು. ಅಮೇರಿಕೆಯ ಅಂತರಿಕ್ಷ ಸಂಸ್ಥೆಯಾದ ನಾಸಾದವರ ಗಾಳಿಸುರಂಗದಲ್ಲಿ ಅದರ ಬಟ್ಟೆಯನ್ನು ಪರೀಕ್ಷಿಸಲಾಗಿತ್ತು. ಸೂಜಿ ದಾರದ ಹೊಲಿಗೆಯಿಲ್ಲ. ಅಂಚುಗಳನ್ನು ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದತರಂಗಗಳಿಂದ ಬೆಸೆದಿದ್ದರು. ಅಲ್ಲಲ್ಲಿ ಪಾಲಿಯುರಿಥೇನ್ ಎಂಬ ನುಣುಪಾದ ಪದಾರ್ಥದ ತುಂಡುಗಳನ್ನು ಕೂಡಿಸಿದ್ದರು. ಇದು ಶರೀರವನ್ನು ಬಿಗಿದು ಸಪೂರ ಮಾಡುವದು, ನೀರಿನ ತಡೆಯನ್ನು ತಗ್ಗಿಸುವದು. ಆ ವರ್ಷ ಬೀಜಿಂಗ್ ಒಲಿಂಪಿಕ್ಸಿನ ಈಜಿನಲ್ಲಿ ಮುರಿದ ೨೫ ವಿಶ್ವದಾಖಲೆಗಳಲ್ಲಿ ೨೩ನ್ನು ಮುರಿದವರು ಈ ಉಡುಪನ್ನು ತೊಟ್ಟವರೇ. ಮರುವರ್ಷ ಬೇರೆ ಕಂಪನಿಗಳವರು ಇಡಿಯ ಮೈಯನ್ನೇ ಪಾಲಿಯುರಿಥೇನಿನಿಂದ ಮುಚ್ಚುವ ಉಡುಪುಗಳನ್ನು ತಂದರು. ಇವು ಗಾಳಿಯನ್ನು ಹಿಡಿದಿಟ್ಟುಕೊಂಡು ಈಜುವವನನ್ನು ನೀರಿನಲ್ಲಿ ತುಸು ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದವು. ೨೦೦೯ರ ರೋಮ್ ವಿಶ್ವಕೂಟದಲ್ಲಿ ಒಂದೇ ಕೊಳದಲ್ಲಿ ೪೩ ವಿಶ್ವದಾಖಲೆಗಳು ಬಿದ್ದುಹೋದವು.

ಜರ್ಮನಿಯ ಪಾಲ್ ಬೀಡರ್‌ಮನ್ ಎಂಬವರ ಉದಾಹರಣೆಯೊಂದನ್ನು ಮಾತ್ರ ವಿಸ್ತರಿಸುವೆವು. ಏಕೆಂದರೆ ನಮ್ಮ ವಾದವೆಲ್ಲವೂ ಇದರಲ್ಲಿ ಅಡಗಿದೆ. ಇವರು ೨೦೦ ಮೀಟರು ದೂರವನ್ನು ೨೦೦೮ರ ಬೀಜಿಂಗಿನಲ್ಲಿ ೧ ನಿಮಿಷ ೪೬.೦೦ ಸೆಕೆಂಡುಗಳಲ್ಲಿ ಈಜಿದರು. ೨೦೦೯ರಲ್ಲಿ ರೋಮಿನಲ್ಲಿ ಹೊಸ ಉಡುಪನ್ನು ತೊಟ್ಟು ಅದೇ ದೂರವನ್ನು ೧ ನಿಮಿಷ ೪೨.೦೦ ಸೆಕೆಂಡುಗಳಲ್ಲಿ ಈಜಿ, ಬೀಜಿಂಗಿನಲ್ಲಿ ಎಂಟು ಚಿನ್ನದ ಪದಕಗಳನ್ನು ಗೆದ್ದಿದ್ದ ಮೈಕೇಲ್ ಫೆಲ್ಪ್ಸ್‌ರನ್ನು ಹಿಂದೆ ಹಾಕಿದರು. ಫೆಲ್ಪ್ಸ್‌ರು ತೊಟ್ಟಿದ್ದುದು ಹಿಂದಿನ ವರ್ಷದ ಉಡುಪು. ಒಂದು ವರ್ಷದ ಹಿಂದೆ ಅಜೇಯವೆನಿಸಿದ್ದ ವಸ್ತ್ರವು ಒಂದೇ ವರ್ಷದಲ್ಲಿ ಹಳತಾಗಿ ಹೋಯಿತು! ೨೦೧೦ರ ಜನವರಿ ೧ರಿಂದ ಜಾಗತಿಕ ಈಜು ಸಂಸ್ಥೆಯವರು ಅಂಥ ಉಡುಪುಗಳನ್ನು ನಿಷೇಧಿಸಿದರು. ಅಲ್ಲಿಂದ ಮುಂದೆ ಉಡುಪು ನೇಯ್ದ ಬಟ್ಟೆಯದೇ ಆಗಿರಬೇಕು. ಗಂಡಸರಿಗೆ ನಾಭಿಯ ಕೆಳಗಿನಿಂದ ಮೊಣಕಾಲಿನವರೆಗೆ, ಹೆಂಗಸರಿಗೆ ಹೆಗಲಿನಿಂದ ಮೊಣಕಾಲಿನವರೆಗೆ. ಇದಾದ ಮೇಲೆ ೨೦೧೧ರ ವಿಶ್ವಕೂಟದಲ್ಲಿ ಬೀಡರ್‌ಮನ್‌ರು ಅದೇ ದೂರಕ್ಕೆ ತೆಗೆದುಕೊಂಡ ಕಾಲವು ೧ ನಿಮಿಷ ೪೪.೮೮ ಸೆಕೆಂಡು. ಅವರು ಸೋಮಾರಿಯಾಗಿರಲಿಲ್ಲ, ಮುದುಕರಾಗಿರಲಿಲ್ಲ. ಮೂರನೆಯವರಾಗಿ ಪದಕವನ್ನೂ ಗಳಿಸಿದರು. ಆದರೆ ೨೦೦೯ರ ಆ ಅಂಕಿಯಲ್ಲಿ ಎಷ್ಟು ಪಾಲು ಅವರ ತೋಳಿನದು, ಎಷ್ಟು ಪಾಲು ಬಟ್ಟೆಯದು ಎಂಬದನ್ನು ಅವರೂ ಹೇಳಲಾರರು, ಮತ್ತಾರೂ ಹೇಳಲಾರರು.

ಇಂದು ಅಂಗಡಿಗಳಲ್ಲಿ ದೊರೆಯುವ ದುಬಾರಿ ಉಡುಪುಗಳು ಆ ನಿಷಿದ್ಧ ಜಾತಿಯವಲ್ಲ. ನಿಯಮದ ಮಿತಿಯೊಳಗೆಯೇ, ನೇಯ್ದ ಬಟ್ಟೆಯಲ್ಲಿಯೇ, ಕಾರ್ಬನ್ ನೂಲು ಮುಂತಾದುವನ್ನು ಸೇರಿಸಿ ಬಿಗಿಯನ್ನೂ ನುಣುಪನ್ನೂ ತಂದಿರುತ್ತಾರೆ. ಇವು ತೇಲಿಸುವದಿಲ್ಲ; ಬಿಗಿದು ಹಿಡಿಯುತ್ತವೆ, ನೀರನ್ನು ಕಡಿಮೆ ಹೀರುತ್ತವೆ. ಆದುದರಿಂದ ಲಾಭವೂ ಆಗಿನಷ್ಟಿಲ್ಲ. ಆದರೂ ಸ್ವಲ್ಪ ಲಾಭವಿದೆ ಎಂದು ತೊಟ್ಟವರೆಲ್ಲ ಹೇಳುವರು. ಅದನ್ನು ಅಲ್ಲಗಳೆಯುವದು ನಮ್ಮ ಉದ್ದೇಶವಲ್ಲ. ತರುಣರು ಒಲಿಂಪಿಕ್ಸಿಗೆ ಹೋಗುವಾಗ ನಿಯಮವು ಒಪ್ಪಿದ ಉಡುಪನ್ನು ತೊಡಲಿ. ಅಲ್ಲಿ ನೂರರಲ್ಲಿ ಒಂದಂಶದ ಸೆಕೆಂಡಿನಿಂದ ಒಬ್ಬರ ಜೀವನವು ಬದಲಾಗುವದು; ಎದುರಾಳಿಗಳೂ ಅಂಥದನ್ನೇ ತೊಟ್ಟಿರುತ್ತಾರೆ. ನಾವು ಮಾತನಾಡುತ್ತಿರುವದು ನಲವತ್ತು, ಐವತ್ತು, ಅರುವತ್ತು ವರ್ಷದ ನಮ್ಮಂಥವರ ವಿಷಯದಲ್ಲಿ.

ನಮ್ಮಂಥವರು ಏತಕ್ಕಾಗಿ ಸ್ಪರ್ಧಿಸುತ್ತೇವೆ? ಪದಕಕ್ಕಾಗಿ ಎಂದು ಹೇಳಿದರೆ ನಗೆಯಾದೀತು. ಒಂದೊಂದು ವಯೋಮಾನದ ತಂಡದಲ್ಲಿ ಕೆಲವೊಮ್ಮೆ ಮೂವರೇ ಸ್ತ್ರೀಯರಿರುವದರಿಂದ ಗೋಡೆ ಮುಟ್ಟಿದವರಿಗೆಲ್ಲ ಪದಕ ಸಿಕ್ಕುವದುಂಟು. ನಮ್ಮ ಮನೆಯಲ್ಲಿರುವ ಎರಡು ಪದಕಗಳ ಗುಟ್ಟೂ ಅದೇ. ನಿಜವಾದ ಸ್ಪರ್ಧೆಯು ನಮಗೂ ಕಳೆದ ವರ್ಷದ ನಮಗೂ ನಡುವಿನದು. ಒಂದು ಚಿಕ್ಕ ವಹಿಯಲ್ಲಿ ನಾವು ತೇದಿ, ದೂರ, ಕಾಲ ಇವನ್ನು ಬರೆದಿಡುತ್ತ ಬಂದಿದ್ದೇವೆ. ೫೦ ಮೀಟರಿಗೆ ಮೊದಲ ಸಲ ೧ ನಿಮಿಷ ೨೧ ಸೆಕೆಂಡು. ಆರು ತಿಂಗಳಿಗೆ ೧ ನಿಮಿಷ ೯. ಎರಡು ವರ್ಷಕ್ಕೆ ೫೮. ಮೊಣಕಾಲು ನೋವು ಹೆಚ್ಚಿದ ಮಳೆಗಾಲದಲ್ಲಿ ಮತ್ತೆ ೧ ನಿಮಿಷ ೪. ಓದುವವರಿಗೆ ಇದು ಶುಷ್ಕವಾದ ಅಂಕಿಗಳ ಸಾಲು. ನಮಗೆ ಇದೊಂದು ದಿನಚರಿ. ವಯಸ್ಸು ಎಳೆಯುತ್ತಿದೆ, ಅಭ್ಯಾಸವು ತಡೆಯುತ್ತಿದೆ, ಈ ತಿಂಗಳು ಯಾರು ಗೆದ್ದರು ಎಂಬದು ಆ ಸಾಲಿನಲ್ಲಿ ಕಾಣುವದು.

ಒಮ್ಮೆ ಗೆಳತಿಯೊಬ್ಬರು ತಮ್ಮ ದುಬಾರಿ ಉಡುಪನ್ನು ನಮಗೆ ಪ್ರೀತಿಯಿಂದ ಎರವಲು ಕೊಟ್ಟರು. ಮೈಕಟ್ಟು ಹೆಚ್ಚುಕಡಿಮೆ ಒಂದೇ ಆದುದರಿಂದ ಇಪ್ಪತ್ತು ನಿಮಿಷಗಳ ಪರಾಕ್ರಮದ ತರುವಾಯ ನಾವು ಅದರೊಳಗೆ ಸೇರಿದೆವು. ತೊಟ್ಟ ಕೂಡಲೆ ಶರೀರವು ಹತ್ತು ವರ್ಷ ಎಳೆಯದಾದಂತೆ ತೋರಿದುದು ನಿಜ. ಹೊಟ್ಟೆಯು ಒಳಕ್ಕೆ ಸರಿಯಿತು, ಬೆನ್ನು ನೆಟ್ಟಗಾಯಿತು, ನೀರು ಮೈಯಿಂದ ಜಾರಿತು. ೫೦ ಮೀಟರಿಗೆ ೫೬ ಸೆಕೆಂಡು ಆಯಿತು. ಹಿಂದಿನ ವಾರ ನಮ್ಮ ಹಳೆಯ ಉಡುಪಿನಲ್ಲಿ ೫೮ ಆಗಿತ್ತು. ಗೆಳತಿಯರು ಚಪ್ಪಾಳೆ ತಟ್ಟಿದರು. ಮನೆಗೆ ಬಂದು ವಹಿಯನ್ನು ತೆರೆದಾಗ ಮಾತ್ರ ಲೇಖನಿಯು ನಿಂತಿತು. ಈ ೫೬ನ್ನು ಎಲ್ಲಿ ಬರೆಯುವದು? ೫೮ರ ಕೆಳಗೆ ಬರೆದರೆ ಒಂದು ವಾರದಲ್ಲಿ ನಾವು ಎರಡು ಸೆಕೆಂಡು ಸುಧಾರಿಸಿದೆವೆಂದು ವಹಿಯು ಹೇಳುವದು, ಅದು ಸತ್ಯವಲ್ಲ. ಬರೆಯದೆ ಬಿಟ್ಟರೆ ಈಜಿದುದೇ ಸುಳ್ಳಾಗುವದು. ಎರಡು ಸೆಕೆಂಡುಗಳಲ್ಲಿ ಸ್ವಲ್ಪ ಬಟ್ಟೆಯದಿರಬಹುದು, ಸ್ವಲ್ಪ ಬಟ್ಟೆಯು ಮನಸ್ಸಿಗೆ ಕೊಟ್ಟ ಧೈರ್ಯದ್ದಿರಬಹುದು, ಸ್ವಲ್ಪ ಆ ದಿನದ ಒಳ್ಳೆಯ ನಿದ್ರೆಯದಿರಬಹುದು. ಕಡೆಗೆ ವಹಿಯ ಹಿಂಬದಿಯ ಪುಟದಲ್ಲಿ ಬರೆದೆವು. ಇಂದಿಗೂ ಅದು ಅಲ್ಲಿ ಒಂಟಿಯಾಗಿ ಇದೆ. ಮೇಲೆ ಕೆಳಗೆ ಯಾವ ಬಂಧುವೂ ಇಲ್ಲ.

ವಯಸ್ಕರ ಈಜಿಗೆ ಈ ಉಡುಪು ಒಳ್ಳೆಯದಲ್ಲವೆಂದು ನಾವು ಹೇಳುವದಕ್ಕೆ ಮುಖ್ಯ ಕಾರಣವು ಇದೇ. ಅದು ಅನ್ಯಾಯವೆಂದಲ್ಲ, ನಿಯಮವು ಒಪ್ಪಿರುವದರಿಂದ ಅನ್ಯಾಯವೆನ್ನಲಾಗದು. ಅದು ನಮ್ಮ ಅಳತೆಗೋಲನ್ನು ಕೆಡಿಸುವದು. ಬಟ್ಟೆಯ ವ್ಯಾಪಾರಿಯು ಗಜವನ್ನೇ ಎಳೆದು ಉದ್ದ ಮಾಡಿಕೊಂಡರೆ ಗಿರಾಕಿಗೆ ನಷ್ಟ; ಇಲ್ಲಿ ವ್ಯಾಪಾರಿಯೂ ಗಿರಾಕಿಯೂ ನಾವೇ.

ಸಂಡೇ ಸ್ಕೂಲಿನಲ್ಲಿ ಕೇಳಿದ ದಾವೀದನ ಕಥೆಯನ್ನು ನಮ್ಮ ವಾಚಕಿಯರು ನೆನೆಯಬಹುದು. ಗೊಲ್ಯಾತನನ್ನು ಎದುರಿಸಲು ಹೊರಟ ಆ ಕುರುಬರ ಹುಡುಗನಿಗೆ ಸೌಲರಾಜನು ತನ್ನ ಯುದ್ಧಕವಚವನ್ನೂ ತಾಮ್ರದ ಶಿರಸ್ತ್ರಾಣವನ್ನೂ ತೊಡಿಸಿದನು. ಹುಡುಗನು ನಾಲ್ಕು ಹೆಜ್ಜೆ ನಡೆದು ನೋಡಿ, ಇದರ ಅಭ್ಯಾಸವು ತನಗಿಲ್ಲವೆಂದು ಬಿಚ್ಚಿಟ್ಟು, ಹಳ್ಳದಿಂದ ಐದು ನುಣುಪಾದ ಕಲ್ಲುಗಳನ್ನು ಆರಿಸಿಕೊಂಡು ಹೋದನು. ಆ ಕವಚವು ಕೆಟ್ಟದ್ದಾಗಿರಲಿಲ್ಲ, ರಾಜನದೇ ಆಗಿತ್ತು. ಪ್ರವಚನಗಳಲ್ಲಿ ಕಲ್ಲಿನ ಮಾತು ಬಹಳ ಬರುವದು. ಬಿಚ್ಚಿಟ್ಟ ಕವಚದ ಮಾತು ಕಡಿಮೆ.

ನಮ್ಮ ಗೆಳತಿಯರು ಈ ವಾದವನ್ನು ಸುಮ್ಮನೆ ಒಪ್ಪಲಿಲ್ಲ. ಅವರ ಮಾತಿನಲ್ಲಿಯೂ ಸಾರವಿದೆ. ಐವತ್ತೆಂಟರ ಒಬ್ಬರು, ‘ಮೂರು ಹೆತ್ತ ಹೊಟ್ಟೆ ಇದು. ವರ್ಷಕ್ಕೆ ಎರಡು ದಿನವಾದರೂ ಅದು ನನ್ನ ಮಾತು ಕೇಳಲಿ, ನಿಮಗೇನು ನಷ್ಟ?’ ಎಂದರು. ಇನ್ನೊಬ್ಬರು ಕೇಳಿದರು: ‘ಮದುವೆಗೆ ಒಮ್ಮೆ ಉಟ್ಟು ಪೆಟ್ಟಿಗೆಯಲ್ಲಿ ಇಡುವ ಪಟ್ಟೆ ಸೀರೆಗೆ ನಲವತ್ತು ಸಾವಿರ ಕೊಡುವಾಗ ಯಾರೂ ಸ್ಮರಣ ಸಂಚಿಕೆಯಲ್ಲಿ ಲೇಖನ ಬರೆಯುವದಿಲ್ಲವಲ್ಲ!’ ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ತಾನು ದುಡಿದ ಹಣದಿಂದ ಸ್ತ್ರೀಯೊಬ್ಬಳು ತನಗೆ ಸಂತೋಷ ಕೊಡುವದನ್ನು ಕೊಂಡರೆ ಅವಳನ್ನು ವಿಚಾರಣೆಗೆ ನಿಲ್ಲಿಸುವ ಹಕ್ಕು ಯಾರಿಗಿದೆ? ಬಿಗಿಯಾದ ಉಡುಪು ಸಡಿಲವಾದ ಸ್ನಾಯುಗಳನ್ನು ಅಲುಗದಂತೆ ಹಿಡಿಯುವದು ಸಹ ನಿಜವೇ. ಆದರೆ ನಮ್ಮ ತರಬೇತಿಗಾರರು ಹೇಳಿದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ವಯಸ್ಸಿನಲ್ಲಿ ಈಜು ಕಲಿತವರಲ್ಲಿ ಹೆಚ್ಚಿನವರು ತಲೆಯನ್ನು ಎತ್ತಿಯೇ ಈಜುವರು. ತಲೆ ಎತ್ತಿದರೆ ಕಾಲು ಮುಳುಗುವದು. ಕಾಲು ಮುಳುಗಿದರೆ ನೀರಿಗೆ ಅಡ್ಡವಾಗಿ ಹಲಗೆ ಹಿಡಿದಂತೆ ಆಗುವದು. ವೇಗವು ಇಮ್ಮಡಿಯಾದರೆ ನೀರಿನ ತಡೆಯು ಸುಮಾರು ನಾಲ್ಮಡಿಯಾಗುವದೆಂಬ ಲೆಕ್ಕದಲ್ಲಿ, ಅಡ್ಡ ಹಿಡಿದ ಶರೀರವನ್ನು ಬಲದಿಂದ ತಳ್ಳಿ ಪ್ರಯೋಜನವಿಲ್ಲ, ನೇರ ಮಾಡುವದೇ ಉಪಾಯ. ಗದ್ದವನ್ನು ಎದೆಯ ಕಡೆಗೆ ತಗ್ಗಿಸಿ ಕೊಳದ ತಳವನ್ನು ನೋಡುವ ಅಭ್ಯಾಸಕ್ಕೆ ಒಂದು ಕಾಸೂ ಬೇಡ. ೧ ನಿಮಿಷ ೨೧ರಿಂದ ೫೮ಕ್ಕೆ ನಾವು ಬಂದುದು ಬಹುಮಟ್ಟಿಗೆ ಈ ಒಂದು ಉಪದೇಶದಿಂದ.

ತೇಲುವದರ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆವು. ಕಡಲಿನ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಭಾರವಾಗಿರುವದು. ಆದುದರಿಂದ ಅದು ಮನುಷ್ಯನನ್ನು ಅಷ್ಟರಮಟ್ಟಿಗೆ ಹೆಚ್ಚು ಎತ್ತಿ ಹಿಡಿಯುವದು. ರೋಮಿನಲ್ಲಿ ಅಷ್ಟೊಂದು ಹಣ ಸುರಿದು ಪಡೆದ ಉಪಕಾರವನ್ನು ನಮ್ಮ ಕಡಲು ಧರ್ಮಕ್ಕೆ ಮಾಡುತ್ತದೆ. ನಮ್ಮಲ್ಲಿ ಆ ಉಪಕಾರವನ್ನು ಪಡೆಯಬಲ್ಲ ಹೆಂಗಸರು ಬೆರಳೆಣಿಕೆಯಷ್ಟು.

ಅಂಥವರಲ್ಲಿ ಒಬ್ಬರು ಭಟ್ಕಳದವರು, ನವಾಯತ ಮನೆತನದವರು, ನಮ್ಮ ಕೊಳದಲ್ಲಿ ಮಹಿಳೆಯರಿಗೆಂದು ಇಟ್ಟ ಹೊತ್ತಿನಲ್ಲಿ ಬಂದು ಈಜು ಕಲಿತವರು. ಇವರು ತೊಡುವದು ತಲೆಯಿಂದ ಹರಡಿನವರೆಗೆ ಮುಚ್ಚುವ ಸಡಿಲವಾದ ಉಡುಪು. ಇಂಥದನ್ನು ೨೦೦೪ರಲ್ಲಿ ಆಸ್ಟ್ರೇಲಿಯಾದ ಆಹೇದಾ ಜನೆಟ್ಟಿ ಎಂಬವರು ರೂಪಿಸಿ ಬುರ್ಕಿನಿ ಎಂಬ ಹೆಸರನ್ನು ಕೊಟ್ಟರು. ೨೦೦೯ರ ಉಡುಪೂ ಕುತ್ತಿಗೆಯಿಂದ ಹರಡಿನವರೆಗೆ ಮೈಯನ್ನು ಮುಚ್ಚುತ್ತಿತ್ತು, ಇದೂ ಮುಚ್ಚುವದು. ಅದು ಸೆಕೆಂಡುಗಳನ್ನು ಕೊಡುತ್ತಿತ್ತು, ಇದು ಸೆಕೆಂಡುಗಳನ್ನು ತಿನ್ನುವದು. ಸಡಿಲವಾದ ಬಟ್ಟೆಯು ನೀರನ್ನು ಹಿಡಿಯದೆ ಇರಲಾರದು. ಆದರೂ ಈ ಗೆಳತಿಯ ಬಳಿಯೂ ನಮ್ಮಂಥ ವಹಿಯೊಂದಿದೆ. ಪ್ರತಿ ತಿಂಗಳು ಅದೇ ಉಡುಪು, ಅದೇ ೨೫ ಮೀಟರು, ಅದೇ ಗಡಿಯಾರ. ಅಂಕಿಯು ನಿಧಾನವಾಗಿ ಇಳಿಯುತ್ತಿದೆ. ಅವರ ವಹಿಯಲ್ಲಿ ಹಿಂಬದಿಯ ಪುಟಕ್ಕೆ ಹೋಗಬೇಕಾದ ಅಂಕಿಯು ಒಂದೂ ಇಲ್ಲ. ಸ್ಪರ್ಧೆಗೆ ಅವರು ಬರುವದಿಲ್ಲ, ಬಂದಿದ್ದರೆ ಕಡೆಯವರಾಗುತ್ತಿದ್ದರು. ಆದರೆ ತಾವು ಒಂದು ವರ್ಷದಲ್ಲಿ ಎಷ್ಟು ಸುಧಾರಿಸಿದರೆಂಬದನ್ನು ನಮ್ಮ ಕೊಳದಲ್ಲಿ ಅವರಷ್ಟು ನಿಖರವಾಗಿ ಬಲ್ಲವರು ಮತ್ತೊಬ್ಬರಿಲ್ಲ. ಬೇಸಿಗೆಯ ರಜೆಯಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಇವರೇ ನೀರಿಗೆ ಇಳಿಸಿದರು.

ಇಲ್ಲಿ ನಗುತ್ತ ಬರೆಯಲಾಗದ ವಿಷಯವೊಂದನ್ನು ಹೇಳಬೇಕಾಗಿದೆ. ೨೦೨೪ರ ಡಿಸೆಂಬರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆಂದು ಬಂದ ನಾಲ್ವರು ಹುಡುಗಿಯರು ನಮ್ಮ ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ಮಕ್ಕಳು ಬಯಲುಸೀಮೆಯವರು, ಕಡಲನ್ನು ಅರಿಯದವರು ಎಂದು ನಮ್ಮ ಕಡೆಯ ಜನರು ಮರುಗಿದರು. ನಾವು ಮರುಗುವಾಗಲೂ ಯೋಚಿಸಿದುದೇನೆಂದರೆ, ಆ ದಿನ ದಂಡೆಯಲ್ಲಿ ನಿಂತಿದ್ದ ನಮ್ಮದೇ ಕರಾವಳಿಯ ಹುಡುಗಿಯರನ್ನು ಅಲೆಯು ಎಳೆದಿದ್ದರೆ ಅವರಲ್ಲಿ ಎಷ್ಟು ಮಂದಿ ಮರಳಿ ಬರುತ್ತಿದ್ದರು? ಅಳಿವೆಯ ಸೆಳೆತವನ್ನು ಎದುರಿಸಿ ಈಜಬಾರದು, ದಂಡೆಗೆ ಸಮಾಂತರವಾಗಿ ಸರಿಯಬೇಕು ಎಂಬದನ್ನು ಮೀನುಗಾರರ ಹುಡುಗರು ಬಲ್ಲರು. ಅವರ ಅಕ್ಕತಂಗಿಯರಿಗೆ ಯಾರು ಹೇಳಿದ್ದಾರೆ? ಹೇಳಿದರೂ, ಒದ್ದೆಯಾದ ಹತ್ತಿಯ ಲಂಗವು ಕಾಲಿಗೆ ಸುತ್ತಿಕೊಂಡಿರುವಾಗ, ಈಜು ಬಾರದವಳು ಸರಿಯುವದು ಹೇಗೆ?

ಆದುದರಿಂದಲೇ ಕುಮಟಾದ ಆ ಹೆಣ್ಣುಮಗಳ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ವಯಸ್ಕರ ಕೂಟಗಳಿಗೆ ಹೊಸದಾಗಿ ಬರುವವರು ಮೊದಲು ನೋಡುವದು ಗೆದ್ದವರ ಕಾಲವನ್ನಲ್ಲ, ಗೆದ್ದವರ ಬಟ್ಟೆಯನ್ನು. ಮೈಯನ್ನು ಹೊರಗೆ ತೋರಿಸುವ ಸಂಕೋಚವನ್ನು ಹೇಗೋ ನುಂಗಿ ಬಂದವಳಿಗೆ, ಮನೆಯಲ್ಲಿ ಅತ್ತೆಗೆ ಏನು ಹೇಳುವದೆಂದು ಚಿಂತಿಸುತ್ತ ಬಂದವಳಿಗೆ, ಮೇಲೆ ಹತ್ತಾರು ಸಾವಿರದ ಭಯವೂ ಸೇರಿದರೆ ಅವಳು ಬಾಗಿಲಿನಿಂದಲೇ ತಿರುಗುವಳು. ನೂರು ಜನರಲ್ಲಿ ಹತ್ತು ಜನರು ಒಂದೊಂದು ಸೆಕೆಂಡು ಗಳಿಸಿ, ಒಬ್ಬಳು ಹೊರಗೇ ಉಳಿದರೆ, ನಮ್ಮ ಎಣಿಕೆಯಲ್ಲಿ ಅದು ನಷ್ಟದ ವ್ಯಾಪಾರ. ವಯಸ್ಕರ ಕೂಟಗಳನ್ನು ನಡೆಸುವವರು, ರಾಷ್ಟ್ರಮಟ್ಟದಲ್ಲಿ ಬೇಡ, ಊರು ಜಿಲ್ಲೆಗಳ ಮಟ್ಟದಲ್ಲಾದರೂ, ಎಲ್ಲರೂ ಸಾಧಾರಣ ಉಡುಪಿನಲ್ಲಿಯೇ ಈಜತಕ್ಕದ್ದೆಂದು ಒಂದು ಸಾಲು ಬರೆದರೆ ಯಾರ ಗಂಟೂ ಹೋಗುವದಿಲ್ಲ. ಈ ಸೂಚನೆಯನ್ನು ನಾವು ಒಂದೆರಡು ಕಡೆ ಮಾಡಿ ನೋಡಿದೆವು. ಕೇಳಿದವರು ಚಹಾ ಕೊಟ್ಟು ಕಳಿಸಿದರು.

ಏನನ್ನು ಕೊಳ್ಳಬೇಕೆಂದು ನಮ್ಮನ್ನು ಕೇಳುವ ತಂಗಿಯರಿಗಾಗಿ ಇಷ್ಟನ್ನು ಬರೆಯುವೆವು. ಮೊಣಕಾಲಿನವರೆಗೆ ಬರುವ, ಹೆಗಲು ಮುಚ್ಚುವ, ನೈಲಾನು ಅಥವಾ ಪಾಲಿಯೆಸ್ಟರಿನ ಸಾಧಾರಣ ಉಡುಪು ಒಂದೆರಡು ಸಾವಿರದೊಳಗೆ ದೊರೆಯುವದು. ತೋಳು ಮುಚ್ಚಬೇಕೆನ್ನುವವರಿಗೆ ಅದೂ ಉಂಟು. ಹತ್ತಿಯ ಬಟ್ಟೆಯನ್ನು ಮಾತ್ರ ನೀರಿಗೆ ತರಬಾರದು. ಅದು ನೀರು ಕುಡಿದು ಭಾರವಾಗುವದು, ಕೊಳದವರೂ ಒಳಗೆ ಬಿಡುವದಿಲ್ಲ. ಟೊಪ್ಪಿಗೆ, ಕನ್ನಡಕ ಬೇಕು. ಕನ್ನಡಕವನ್ನು ಕೊಳ್ಳುವಾಗ ಜಿಪುಣತನ ಮಾಡಬೇಡಿರಿ. ಅಗ್ಗದ ಕನ್ನಡಕದೊಳಗೆ ನೀರು ನುಗ್ಗಿ ಕಣ್ಣು ಉರಿದರೆ ನೀವು ತಲೆ ಎತ್ತುವಿರಿ, ತಲೆ ಎತ್ತಿದರೆ ಕಾಲು ಮುಳುಗುವದು. ಈಜಿದ ಮೇಲೆ ಉಡುಪನ್ನು ಸಿಹಿನೀರಿನಲ್ಲಿ ಅಲುಬಿ ನೆರಳಿನಲ್ಲಿ ಒಣಗಿಸಿದರೆ ಎರಡು ವರ್ಷ ಬಾಳುವದು. ನಮ್ಮದು ಮೂರನೆಯ ವರ್ಷದಲ್ಲಿದೆ, ಬಣ್ಣ ಹೋಗಿದೆ.

ಕುಮಟಾದವಳು ಅಂಥದನ್ನೇ ಕೊಂಡಳು, ನೀಲಿ ಬಣ್ಣದ್ದು. ಮೊದಲ ಎರಡು ವಾರ ಗೋಡೆಯ ಸರಳನ್ನು ಬಿಡಲಿಲ್ಲ. ಮೂರನೆಯ ವಾರ ಮುಖವನ್ನು ನೀರಿನಲ್ಲಿ ಅದ್ದಿದಳು. ಐದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ನಡುವೆ ಎಲ್ಲಿಯೂ ನಿಲ್ಲದೆ ೨೫ ಮೀಟರು ಈಜಿ ಆಚೆಯ ಗೋಡೆಯನ್ನು ಮುಟ್ಟಿ, ಏದುಸಿರು ಬಿಡುತ್ತ, ‘ಅಕ್ಕಾ, ಎಷ್ಟಾಯಿತು?’ ಎಂದು ಕೂಗಿದಳು. ನಾವು ಗಡಿಯಾರವನ್ನು ನೋಡಿ ೪೭ ಎಂದೆವು. ಬರೆದುಕೊಳ್ಳಲು ಅವಳ ಬಳಿ ಏನೂ ಇರಲಿಲ್ಲ. ನಮ್ಮ ವಹಿಯಿಂದ ಖಾಲಿ ಹಾಳೆಯೊಂದನ್ನು ಹರಿದು, ತೇದಿ ಹಾಕಿ, ಮೊದಲ ಸಾಲಿನಲ್ಲಿ ಬರೆದು ಅವಳ ಕೈಗೆ ಕೊಟ್ಟೆವು.